ಜನರ ವಿರೋಧದಿಂದ ಸರ್ಕಾರದ ಪರಿಸರ ನಿರ್ಧಾರ ನಿಜವಾಗಿ ಬದಲಾಗುತ್ತಾ?

ಬದಲಾಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕಲ್ಲಿದ್ದಲು ಜಗಳವನ್ನೇ ನೋಡಿ.

ಅಲ್ಲಿ ರಾಕಿ ಪರ್ವತಗಳ ಪೂರ್ವ ಇಳಿಜಾರಿನ ದೊಡ್ಡ ಭಾಗದಲ್ಲಿ ತೆರೆದ ಗಣಿಗಳಿಗೆ 1976ರಿಂದ ತಡೆ ಇತ್ತು. 2020ರಲ್ಲಿ, ಕೋವಿಡ್ ಆತಂಕದ ನಡುವೆ, ಪ್ರಾಂತ್ಯದ ಜೇಸನ್ ಕೆನಿ ಸರ್ಕಾರ ಜನರನ್ನು ಕೇಳದೆ ಆ ನೀತಿಯನ್ನೇ ರದ್ದು ಮಾಡಿತು.

ಆ ಇಳಿಜಾರು ಸುಮ್ನೆ ಗುಡ್ಡಸಾಲಲ್ಲ. ಓಲ್ಡ್‌ಮನ್‌ನಂಥ ನದಿಗಳು ಹುಟ್ಟುವುದು ಅಲ್ಲೇ. ಕೆಳಗಿನ ಒಣ ಬಯಲಿನ ಹೊಲ, ದನ, ಊರು ಎಲ್ಲಕ್ಕೂ ಅದೇ ನೀರು. ಗಣಿಯಿಂದ ತೆಗೆದು ಸುರಿದ ಕಲ್ಲುರಾಶಿಯ ಮೇಲೆ ಮಳೆ ಬಿದ್ದರೆ ಅದರಲ್ಲಿರುವ ಸೆಲೆನಿಯಂ ಎಂಬ ಧಾತು ಕರಗಿ ಹೊಳೆಗೆ ಸೇರುತ್ತದೆ. ಅದು ಜಾಸ್ತಿಯಾದರೆ ಮೀನು ಮರಿಗಳು ಉಳಿಯುವುದಿಲ್ಲ. ಪಕ್ಕದ ಬ್ರಿಟಿಷ್ ಕೊಲಂಬಿಯಾದ ಎಲ್ಕ್ ಕಣಿವೆಯಲ್ಲಿ ಗಣಿಗಳಿಂದ ಹೊಳೆಗಳಿಗೆ ಸೆಲೆನಿಯಂ ಸೇರಿದ್ದನ್ನು ಜನ ಕಣ್ಣಾರೆ ಕಂಡಿದ್ದರು.

ದನ ಸಾಕುವವರು ಕೋರ್ಟಿಗೆ ಹೋದರು. ಹಾಡುಗಾರ ಕಾರ್ಬ್ ಲಂಡ್ ದನಿ ಎತ್ತಿದರು. ನನಗೆ ಮುಖ್ಯ ಅನ್ನಿಸುವುದು ಇದು: ಸಿಟ್ಟಾದವರು ಪಟ್ಟಣದ ಪರಿಸರವಾದಿಗಳು ಮಾತ್ರ ಅಲ್ಲ, ಆಳುವ ಪಕ್ಷಕ್ಕೇ ವೋಟು ಹಾಕುತ್ತಿದ್ದ ಹಳ್ಳಿ ಜನ. ವಿರೋಧ ಪಕ್ಷದವರ ಕೂಗನ್ನು ತಳ್ಳಿಹಾಕಬಹುದು, ಸ್ವಂತ ಮತದಾರರದ್ದನ್ನು ಹೇಗೆ ತಳ್ಳಿಹಾಕುವುದು, ಅಲ್ವಾ? 2021ರ ಫೆಬ್ರವರಿಯಲ್ಲಿ ಹಳೆಯ ನೀತಿ ವಾಪಸ್ ಬಂತು. ಅದೇ ಜೂನ್‌ನಲ್ಲಿ ಗ್ರಾಸಿ ಮೌಂಟನ್ ಗಣಿ ಯೋಜನೆಯನ್ನು ಪರಿಶೀಲನಾ ಸಮಿತಿ ತಿರಸ್ಕರಿಸಿತು. 2022ರಲ್ಲಿ ಅಲ್ಲಿ ಕಲ್ಲಿದ್ದಲು ಹುಡುಕುವ ಹೊಸ ಕೆಲಸಕ್ಕೂ ತಡೆ ಬಿತ್ತು.

ಆದರೆ 2025ರ ಜನವರಿಯಲ್ಲಿ ಡೇನಿಯಲ್ ಸ್ಮಿತ್ ಸರ್ಕಾರ ಆ ತಡೆಯನ್ನು ತೆಗೆದುಹಾಕಿತು. ಲಂಡ್ ಮತ್ತೆ ಹೋರಾಟಕ್ಕೆ ಇಳಿದರು.