8 ವೇಟ್ ರೀಲಿಗೆ ಬ್ಯಾಕಿಂಗ್, ಲೈನ್, ಲೀಡರ್: ಕುಣಿಕೆ ತಪ್ಪಾಗಿ ಕೂತಿದೆ ಸರ್

ಸರ್, ಬಿಳಿ ಮೀನಿಗೆ (ಮಹಶೀರ್) ಅಂತ ಕಟ್ಟಿ ನೀವು ಗುಂಪಿಗೆ ಹಾಕಿದ 8 ವೇಟ್ (ಲೈನಿನ ತೂಕದ ದರ್ಜೆ) ಫ್ಲೈ ಫಿಶಿಂಗ್ ರೀಲಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ಯಾಕಿಂಗ್ (ಲೈನಿನ ಹಿಂದೆ, ಸ್ಪೂಲಿನ ತಳದಲ್ಲಿ ಸುತ್ತುವ ದಾರ) ಜಾಗದಲ್ಲಿ ಮೋನೋ (ಒಂದೆಳೆ ನೈಲಾನ್) ಸುತ್ತಿದ್ದೀರಿ. ಲೀಡರ್ (ಲೈನಿನ ಮುಂದೆ ಕಟ್ಟುವ ಪಾರದರ್ಶಕ ದಾರ) ಕುಣಿಕೆ ಲೈನಿನ ಕುಣಿಕೆಯ ಕತ್ತು ಹಿಸುಕಿದೆ. ಎರಡನೆಯದು ಗುಂಪಿನಲ್ಲಿ ಪದೇಪದೇ ಕಾಣ್ತಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಮೋನೋ ಮೊದಲು ಬಿಚ್ಚಿ. ಎಳೆತದಲ್ಲಿ ಹಿಗ್ಗಿ, ಸುತ್ತಿದ ಮೇಲೆ ಕುಗ್ಗಿ ಸ್ಪೂಲನ್ನೇ ಅಮುಕುತ್ತೆ. 30 ಪೌಂಡ್ ಡೇಕ್ರಾನ್ (ಹೆಣೆದ ಪಾಲಿಯೆಸ್ಟರ್ ದಾರ) ಹಾಕಿ. 20 ಪೌಂಡಿನದು 7 ವೇಟ್ ತನಕ ಸಾಕು. ರೀಲ್ ಡಬ್ಬಿ ಮೇಲಿನ ಗಜದ ಲೆಕ್ಕ ಸಾಮಾನ್ಯವಾಗಿ 20 ಪೌಂಡಿನದು, 30 ಅಷ್ಟು ಹಿಡಿಯಲ್ಲ. ಜೆಲ್‌ಸ್ಪನ್ (ತೀರಾ ತೆಳ್ಳನೆ, ಗಟ್ಟಿ ಬ್ಯಾಕಿಂಗ್ ದಾರ) ಸಡಿಲ ಸುತ್ತಿದರೆ ಕೆಳಗಿನ ಸುತ್ತುಗಳಲ್ಲಿ ಹೂತುಕೊಳ್ಳುತ್ತೆ, ಮೀನು ಓಡುವಾಗ ಬೆರಳು ಕೊಯ್ಯುತ್ತೆ. ಮೊದಲ ರೀಲಿಗೆ ಖಂಡಿತ ಬೇಡ.

ಯಾವ ಕೈಯಲ್ಲಿ ಸುತ್ತುತ್ತೀರೋ ಡ್ರ್ಯಾಗ್ (ರೀಲಿನ ಬ್ರೇಕ್) ಆ ಕಡೆಗೆ ತಿರುಗಿಸಿಕೊಂಡೇ ಶುರು ಮಾಡಿ. ಆರ್ಬರ್ (ಸ್ಪೂಲಿನ ನಡುಭಾಗ) ಸುತ್ತ ಬ್ಯಾಕಿಂಗ್ ಎರಡು ಸುತ್ತು ಹಾಕಿ ಆಮೇಲೆ ಆರ್ಬರ್ ನಾಟ್ ಬಿಗಿಯಿರಿ, ಇಲ್ಲದಿದ್ದರೆ ಜಾರುತ್ತೆ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ, ಎಡಬಲ ಹರಡಿ ಸುತ್ತಿ. ಎಲ್ಲ ತುಂಬಿದ ಮೇಲೆ ಸ್ಪೂಲ್ ಅಂಚಿಗೆ ಸುಮಾರು 6 ಮಿ.ಮೀ. ಜಾಗ ಉಳಿಯಬೇಕು.

ವೆಯ್ಟ್ ಫಾರ್ವರ್ಡ್ (ಮುಂಭಾಗ ದಪ್ಪ ಇರುವ) ಲೈನಿಗೆ ತೆಳ್ಳನೆ ತುದಿ ರೀಲಿಗೆ. ‘ದಿಸ್ ಎಂಡ್ ಟು ರೀಲ್’ ಚೀಟಿ ಇದ್ದರೂ ತಿರುಗುಮುರುಗು ಹಾಕ್ತಾರೆ, ಆಮೇಲೆ ಲೈನ್ ದೂರ ಹೋಗಲ್ಲ ಅಂತ ರಾಡ್ ಬೈತಾರೆ! ಲೈನಿನ ಹಿಂದೆ ಕುಣಿಕೆ ಇದ್ದರೆ ಬ್ಯಾಕಿಂಗ್‌ಗೆ ಸ್ಪೂಲ್ ಪೂರ್ತಿ ತೂರುವಷ್ಟು, ಅಂದರೆ 20-25 ಸೆಂ.ಮೀ. ಕುಣಿಕೆ ಕಟ್ಟಿ. ಲೈನ್ ಬದಲಿಸುವಾಗ ಕತ್ತರಿ ಬೇಡ. ಕುಣಿಕೆ ಇಲ್ಲದಿದ್ದರೆ ನೇಲ್ ನಾಟ್, ತೆಳ್ಳನೆ ಪೆನ್ ರೀಫಿಲ್ ಕೊಳವೆ ಇಟ್ಟು 6-7 ಸುತ್ತು. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಏರಬಾರದು. ಎಂಜಲು ಹಚ್ಚಿ ನಿಧಾನ ಬಿಗಿಯಿರಿ.

ಈಗ ಮುಖ್ಯದ್ದು. ಲೀಡರ್ ಕುಣಿಕೆಯೊಳಗೆ ಲೈನಿನ ಕುಣಿಕೆ ತೂರಿಸಿ, ಲೀಡರ್‌ನ ಸಣ್ಣ ತುದಿಯನ್ನು ಲೈನಿನ ಕುಣಿಕೆಯೊಳಗಿಂದ ಎಳೆಯಿರಿ. ಪೂರ್ತಿ ಬಿಗಿಯುವ ಮುಂಚೆ ನಿಲ್ಲಿಸಿ ನೋಡಿ: ಎರಡೂ ಕುಣಿಕೆ ಕೈಕುಲುಕಿದ ಹಾಗೆ ಚಪ್ಪಟೆ ಕಂಡರೆ ಸರಿ. ಒಂದು ನೆಟ್ಟಗಿದ್ದು ಇನ್ನೊಂದು ಅದರ ಕೊರಳಿಗೆ ಉಂಗುರ ಸುತ್ತಿದ್ದರೆ ಹಿಂದೆ ತಳ್ಳಿ ಸರಿಮಾಡಿ. ಹಾಗೇ ಬಿಟ್ಟರೆ ಗಟ್ಟಿ ಮೋನೋ ಲೈನಿನ ಪಿವಿಸಿ ಪದರ ಕೊಯ್ದು ಕೋರ್ (ಒಳಗಿನ ದಾರ) ಬಯಲು ಮಾಡುತ್ತೆ. ನೀರು ಕುಡಿದು ತುದಿ ಮುಳುಗತೊಡಗುತ್ತೆ. ರಿಯೋ, ಸೈಂಟಿಫಿಕ್ ಆಂಗ್ಲರ್ಸ್ ಯಾವ ಕಂಪನಿ ಲೈನಾದರೂ ಇದೇ ಕತೆ. ಅಷ್ಟು ದುಡ್ಡು ಕೊಟ್ಟ ಲೈನನ್ನು ಹೀಗೆ ಕೆಡಿಸಬೇಡಿ. ಸಿಕ್ಕಿಸಿದ ಮೇಲೆ ಗಂಟನ್ನು ರಾಡ್ ತುದಿಯ ರಿಂಗಿನಲ್ಲಿ ಹಿಂದೆ ಮುಂದೆ ಎಳೆದು ನೋಡಿ, ತೊಡರಬಾರದು.

ಟಿಪ್ಪೆಟ್ (ಲೀಡರಿನ ಕೊನೆಯ ತೆಳ್ಳನೆ ಭಾಗ) 15-20 ಪೌಂಡ್ ಇರಲಿ, ಬಂಡೆಯ ಜಾಗಕ್ಕೆ ಫ್ಲೋರೋಕಾರ್ಬನ್ (ಉಜ್ಜಿದರೂ ಬೇಗ ಸವೆಯದ ದಾರ). ಬ್ಯಾಕಿಂಗಿಗಿಂತ, ಲೈನಿನ ಕೋರಿಗಿಂತ ಅದು ದುರ್ಬಲವೇ ಆಗಿರಬೇಕು. ಇಲ್ಲದಿದ್ದರೆ ಮೀನು ಬಂಡೆಗೆ ಸಿಕ್ಕಿದಾಗ ಹಿಂದೆಲ್ಲೋ ತುಂಡಾಗಿ, ಪಾಪ, ಅದು ಇಡೀ ಲೈನ್ ಎಳೆದುಕೊಂಡು ಹೋಗುತ್ತೆ.