ಸ್ಮೂದಿಂಗ್ ಜಾಸ್ತಿ ಮಾಡಿದರೆ ತಲೆ ಅಲುಗಿದ ದೋಷ ಹೋಗುತ್ತಾ?

ತಲೆಯ ಅಲುಗಾಟ ಸರಿಪಡಿಸುವ ಮೋಷನ್ ಕರೆಕ್ಷನ್ ಆದಮೇಲೂ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಡೇಟಾ ಸರಿ ಕಾಣುತ್ತಿಲ್ಲ, ಸ್ಮೂದಿಂಗ್ (ಅಕ್ಕಪಕ್ಕದ ಚುಕ್ಕಿಗಳನ್ನು ಬೆರೆಸಿ ಚಿತ್ರ ನಯಗೊಳಿಸುವುದು) 8 ಮಿಮೀ ಇಡಲಾ 10 ಇಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ದಾರಿ ಹಿಡಿದು ನಾನು ಏಳು ತಿಂಗಳು ಕಳೆದುಕೊಂಡೆ.

ನನ್ನದು ಬಟನ್ ಒತ್ತುವ ಟಾಸ್ಕ್, ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ಘನ ಚುಕ್ಕಿ) 3 ಮಿಮೀ. ಬಟನ್ ಒತ್ತಿದಾಗೆಲ್ಲ ಕೆಲವರ ತಲೆ ಒಂಚೂರು ಅಲುಗುತ್ತಿತ್ತು. ರಿಅಲೈನ್‌ಮೆಂಟ್, ಅಂದರೆ ಅದೇ ಮೋಷನ್ ಕರೆಕ್ಷನ್, ಮಾಡಿದಮೇಲೂ ನಕ್ಷೆಯಲ್ಲಿ ಮಿದುಳಿನ ಅಂಚಿಗೆ ಅಂಟಿಕೊಂಡು ಒಂದು ತೆಳ್ಳನೆ ಗೆರೆ ಉಳಿದಿತ್ತು. ಸುಮ್ನೆ ನಾಯ್ಸ್ ಇರಬೇಕು, ಸ್ಮೂದಿಂಗ್‌ನಲ್ಲಿ ಹೋಗುತ್ತೆ ಅಂದುಕೊಂಡೆ.

6 ಮಿಮೀ ಸಾಕಿತ್ತು. ಎಫ್‌ಎಸ್‌ಎಲ್ ಸಾಫ್ಟ್‌ವೇರ್‌ನ ಎಫ್‌ಎಸ್‌ಎಲ್‌ಮ್ಯಾಥ್ಸ್ ಕಮಾಂಡ್‌ನಲ್ಲಿ ಮೈನಸ್ ಎಸ್ ಕೊಟ್ಟು 6 ಅಂತ ಟೈಪ್ ಮಾಡಿದೆ. ನಾವೆಲ್ಲ ಬಾಯಲ್ಲಿ ಹೇಳುವ 6, 8 ಎಲ್ಲ ಎಫ್‌ಡಬ್ಲ್ಯೂಎಚ್‌ಎಂ, ಅಂದರೆ ಸ್ಮೂದಿಂಗ್‌ಗೆ ಬಳಸುವ ಗಂಟೆಯಾಕಾರದ ಗಾಸಿಯನ್ ಗುಡ್ಡದ ಅರ್ಧ ಎತ್ತರದಲ್ಲಿ ಅದರ ಅಗಲ. ಆ ಕಮಾಂಡ್ ಕೇಳುವುದು ಸಿಗ್ಮಾ, ಅಂದರೆ ಆ ಗುಡ್ಡದ ಸ್ಟ್ಯಾಂಡರ್ಡ್ ಡೀವಿಯೇಷನ್. ಹೆಲ್ಪ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿರಲಿಲ್ಲ. ಸಿಗ್ಮಾವನ್ನು 2.355ರಿಂದ ಗುಣಿಸಿದರೆ ಎಫ್‌ಡಬ್ಲ್ಯೂಎಚ್‌ಎಂ. ನಾನು ಕೊಡಬೇಕಾಗಿದ್ದು 2.55. 6 ಕೊಟ್ಟಿದ್ದರಿಂದ ಆಗಿದ್ದು 14 ಮಿಮೀಗೂ ಜಾಸ್ತಿ. ಅಮಿಗ್ಡಲಾದಂಥ ಚಿಕ್ಕ ಭಾಗ ಅಕ್ಕಪಕ್ಕದ್ದರ ಜೊತೆ ಕಲಸಿ ಹೋಯಿತು. ಅದಕ್ಕಿಂತ ಕೆಟ್ಟದ್ದು, ಅಂಚಿನ ಆ ಗೆರೆ ಒಳಕ್ಕೆ ಹರಡಿ ಮುಂಭಾಗದ ಕಾರ್ಟೆಕ್ಸ್‌ನಲ್ಲಿ ದುಂಡಗೆ, ನಿಜವಾದ ಆಕ್ಟಿವೇಷನ್ ಥರ ಕೂತಿತು. ಅದನ್ನೇ ನಂಬಿ ಅರ್ಧ ಪೇಪರ್ ಬರೆದೆ. ಸೀನಿಯರ್ ಒಬ್ಬರು ಸ್ಮೂದ್ ಮಾಡದ ನಕ್ಷೆ ತೋರಿಸು ಅಂದಾಗ ಮತ್ತೆ ಅದೇ ಗೆರೆ ಕಂಡಿತು. ಎಲ್ಲ ಮೊದಲಿಂದ ಮಾಡಬೇಕಾಯಿತು.

ನಿಮ್ಮ ಡೇಟಾದಲ್ಲೂ ಸ್ಮೂದಿಂಗ್ ಚಲನೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ ಅಷ್ಟೆ. ರಿಅಲೈನ್‌ಮೆಂಟ್ ಕೂಡ ಅರ್ಧ ಕೆಲಸವೇ. ಅದು ತಲೆಯನ್ನು ಗಟ್ಟಿ ವಸ್ತು ಅಂದುಕೊಂಡು ಮೂರು ದಿಕ್ಕಿನ ಸರಿಯುವಿಕೆ, ಮೂರು ಅಕ್ಷದ ತಿರುಗುವಿಕೆ, ಹೀಗೆ ಆರು ಸಂಖ್ಯೆಗಳಲ್ಲಿ ಇಡೀ ವಾಲ್ಯೂಮ್ (ಒಂದು ಸಲ ತೆಗೆದ ಪೂರ್ತಿ ಮಿದುಳಿನ ಚಿತ್ರ) ಜರುಗಿಸುತ್ತದೆ. ಆದರೆ ಅದರ ಸ್ಲೈಸ್‌ಗಳು, ಅಂದರೆ ಪದರಗಳು, ಒಂದಾದಮೇಲೊಂದು ಬರುತ್ತವೆ ಅಲ್ವಾ? ವಾಲ್ಯೂಮ್‌ನ ನಡುವೆ ತಲೆ ಅಲುಗಿದರೆ ಅದು ಸರಿಹೋಗುವುದಿಲ್ಲ. ಅಲುಗಿದಾಗ ಸಿಗ್ನಲ್‌ನ ತೀವ್ರತೆಯೇ ಬದಲಾಗಿರುತ್ತದೆ, ಜರುಗಿಸಿದರೆ ಅದು ವಾಪಸ್ ಬರದು.

ಆ ಆರು ಸಂಖ್ಯೆಗಳನ್ನು ಮಾಡೆಲ್‌ನಲ್ಲಿ ರಿಗ್ರೆಸರ್ (ಸಿಗ್ನಲ್‌ನಲ್ಲಿ ಚಲನೆಯ ಪಾಲನ್ನು ಬೇರ್ಪಡಿಸುವ ಅಂಶ) ಆಗಿ ಹಾಕಿ, ಸಾಧ್ಯವಾದರೆ ಅವುಗಳಿಂದಲೇ ಪಡೆದ 24ರ ಸೆಟ್. ಪ್ರತಿಯೊಬ್ಬರ ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್ (ಒಂದು ವಾಲ್ಯೂಮ್‌ನಿಂದ ಮುಂದಿನದಕ್ಕೆ ತಲೆ ಎಷ್ಟು ಅಲುಗಿತು ಅನ್ನುವ ಅಳತೆ) ಗ್ರಾಫ್ ಕಣ್ಣಾರೆ ನೋಡಿ. ಟಾಸ್ಕ್ ಡೇಟಾದಲ್ಲಿ 0.5 ಮಿಮೀ ದಾಟಿದ ವಾಲ್ಯೂಮ್‌ಗಳನ್ನು ನಾನು ಬಿಡುತ್ತೇನೆ. ರೆಸ್ಟಿಂಗ್ ಸ್ಟೇಟ್ (ಟಾಸ್ಕ್ ಇಲ್ಲದೆ ಸುಮ್ನೆ ಮಲಗಿದ್ದಾಗಿನ ಸ್ಕ್ಯಾನ್) ಆದರೆ 0.2. ಚಲನೆ ಟಾಸ್ಕ್‌ನ ತಾಳಕ್ಕೇ ಬಂದಿದ್ದರೆ ರಿಗ್ರೆಸರ್ ನಿಜವಾದ ಸಿಗ್ನಲ್ಲನ್ನೂ ಒಯ್ಯುತ್ತದೆ. ಅಂಥ ನಾಲ್ವರನ್ನು ನಾನು ಪೂರ್ತಿ ಕೈಬಿಟ್ಟೆ, ಸಂಕಟ ಆಯಿತು, ಆದರೂ ಬಿಟ್ಟೆ.

ಕರ್ನಲ್, ಅಂದರೆ ಸ್ಮೂದಿಂಗ್‌ನ ಅಗಲ, 5 ಅಥವಾ 6 ಮಿಮೀ ಇರಲಿ, ವಾಕ್ಸೆಲ್‌ನ ಸುಮಾರು ಎರಡರಷ್ಟು. ಅದಕ್ಕೂ ಮೊದಲು ಇವತ್ತೇ ಸ್ಮೂದ್ ಮಾಡದ ಡೇಟಾ ತೆರೆದು ಸಿನಿಮಾ ಥರ ಓಡಿಸಿ, ಅಂಚುಗಳ ಮೇಲೆ ಕಣ್ಣಿಡಿ.