ಓದುಗರ ಪ್ರಶ್ನೆ: ತಿರುಗದ ಚಾವಣಿ ಫ್ಯಾನ್, ಕೈತಪ್ಪಿದ ಇಮೇಲ್

ಪ್ರಶ್ನೆ: ಗೋಣಿಕೊಪ್ಪಲಿನ ಬಳಿ ನಮ್ಮ ಕಾಫಿ ತೋಟದಲ್ಲಿ ಸಣ್ಣದೊಂದು ಹೋಂಸ್ಟೇ ಇದೆ. ಹಳೆಯ ಮಿನಿ ಬಸ್ಸೊಂದನ್ನು ಮಲಗುವ ವಾಹನವನ್ನಾಗಿ ಮಾರ್ಪಡಿಸಿ ಅತಿಥಿಗಳಿಗೆ ಕೊಡುತ್ತೇವೆ. ಅದರ ಚಾವಣಿಯ ಕಿಂಡಿಗೆ ಕೂರಿಸಿದ 12 ವೋಲ್ಟ್ ಫ್ಯಾನ್ ಕಳೆದ ಮಳೆಗಾಲದಿಂದ ತಿರುಗುತ್ತಿಲ್ಲ. ಕಿಂಡಿಯ ಅಂಚಿನಿಂದ ನೀರೂ ತೊಟ್ಟಿಕ್ಕುತ್ತದೆ. ಹೊಸ ಮೋಟರಿಗಾಗಿ ಅಂತರ್ಜಾಲದಲ್ಲಿ ವಿಚಾರಿಸಿದ ಮರುದಿನ, ‘ನಿಮ್ಮ ಆರ್ಡರ್ ತಡೆಹಿಡಿಯಲಾಗಿದೆ, ಇಮೇಲ್ ಖಾತೆಯಿಂದ ದೃಢಪಡಿಸಿ’ ಎಂಬ ಸಂದೇಶ ಬಂದಿತು. ಅದರಲ್ಲಿದ್ದ ಕೊಂಡಿಯನ್ನು ಒತ್ತಿ ಪಾಸ್‌ವರ್ಡ್ ಕೊಟ್ಟೆ. ಎರಡು ವಾರಗಳ ಬಳಿಕ ಬೆಂಗಳೂರಿನ ಅತಿಥಿಯೊಬ್ಬರು ಫೋನ್ ಮಾಡಿ, ನನ್ನ ಇಮೇಲಿನಲ್ಲಿ ಹೇಳಿದಂತೆ ಹಿಂದಿನ ದಿನವೇ ‘ಹೊಸ ಖಾತೆ’ಗೆ ಮುಂಗಡ ಕಳುಹಿಸಿದ್ದಾಗಿ ಹೇಳಿದರು. ನಾನು ಅಂಥ ಪತ್ರ ಬರೆದೇ ಇಲ್ಲ. ನಿನ್ನೆಯೇ ಪಾಸ್‌ವರ್ಡ್ ಬದಲಾಯಿಸಿದ್ದೇನೆ. ಅಷ್ಟು ಸಾಕೇ? ಫ್ಯಾನನ್ನು ನಾನೇ ಸರಿಪಡಿಸಿಕೊಳ್ಳಬಹುದೇ?

ಉತ್ತರ: ಸಾಲದು. ಇಮೇಲಿನ ಕೆಲಸ ಇಂದೇ ಆಗಬೇಕಾದ್ದು, ಫ್ಯಾನಿನದು ಬಿಸಿಲು ಬರುವವರೆಗೆ ಕಾಯಬಲ್ಲದು. ಆದ್ದರಿಂದ ಮೊದಲು ಇಮೇಲನ್ನೇ ನೋಡೋಣ.

ಎರಡು ವಾರ ನಿಮ್ಮ ಹೆಸರಿನಲ್ಲಿ ಪತ್ರ ಹೋಗುತ್ತಿದ್ದರೂ ಅತಿಥಿಗಳ ಒಂದು ಮರುಪ್ರಶ್ನೆಯೂ ನಿಮ್ಮ ಕಣ್ಣಿಗೆ ಬೀಳಲಿಲ್ಲವೆಂದರೆ, ಕಳ್ಳನು ನಿಮ್ಮ ಖಾತೆಯೊಳಗೆ ಫಿಲ್ಟರ್ ಒಂದನ್ನು ಬರೆದಿಟ್ಟಿರುವ ಸಾಧ್ಯತೆ ಬಹಳ. ‘ಮುಂಗಡ’, ‘ಪೇಮೆಂಟ್’ ಮುಂತಾದ ಪದಗಳಿರುವ ಪತ್ರ ಬಂದೊಡನೆ ಅದನ್ನು ಓದಿದ್ದೆಂದು ಗುರುತಿಸಿ ಕಸದ ಬುಟ್ಟಿಗೋ ಬೇರೊಂದು ವಿಳಾಸಕ್ಕೋ ದಾಟಿಸುವ ಈ ನಿಯಮವು ಪಾಸ್‌ವರ್ಡ್ ಬದಲಾದ ಮೇಲೂ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲಿ ಖಾತೆಯ ಸೆಟ್ಟಿಂಗ್ಸ್ ತೆರೆದು, ಫಿಲ್ಟರ್‌ಗಳ ಪಟ್ಟಿಯನ್ನೂ ಫಾರ್ವರ್ಡ್ ಮಾಡುವ ವಿಳಾಸವನ್ನೂ ನೋಡಿ, ನೀವು ಹಾಕದೆ ಇದ್ದುದೆಲ್ಲವನ್ನೂ ಮೊದಲು ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ. ಬಳಿಕ ಖಾತೆ ಮರುಪಡೆಯಲು ಕೊಟ್ಟಿರುವ ಫೋನ್ ಸಂಖ್ಯೆ ಮತ್ತು ಪರ್ಯಾಯ ಇಮೇಲ್ ನಿಮ್ಮದೇ ಹೌದೇ ಎಂದು ಪರೀಕ್ಷಿಸಿ. ಅಲ್ಲಿ ಪರರ ಸಂಖ್ಯೆ ಉಳಿದಿದ್ದರೆ ನೀವು ಎಷ್ಟು ಬಾರಿ ಪಾಸ್‌ವರ್ಡ್ ಬದಲಾಯಿಸಿದರೂ ಅವನು ಮತ್ತೆ ಒಳಗೆ ಬರುತ್ತಾನೆ. ಲಾಗಿನ್ ಆಗಿರುವ ಎಲ್ಲ ಸಾಧನಗಳಿಂದ ಹೊರಹಾಕುವ ಸೌಲಭ್ಯವನ್ನು ಬಳಸಿ, ಅನುಮತಿ ಪಡೆದಿರುವ ಅಪರಿಚಿತ ಆ್ಯಪ್‌ಗಳನ್ನು ತೆಗೆದುಹಾಕಿ, ನಂತರ ಇನ್ನೊಮ್ಮೆ ಹೊಸ ಪಾಸ್‌ವರ್ಡ್ ಇಡಿ. ಅದೇ ಹಳೆಯ ಪಾಸ್‌ವರ್ಡನ್ನು ಬುಕಿಂಗ್ ಜಾಲತಾಣಗಳಲ್ಲಿಯೂ ಇಟ್ಟಿದ್ದರೆ (ಬಹುಪಾಲು ಜನ ಇಟ್ಟಿರುತ್ತಾರೆ) ಅಲ್ಲಿಯೂ ಬದಲಿಸಬೇಕು.

ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಜೊತೆ ಇನ್ನೊಂದು ಸಂಕೇತವನ್ನೂ ಕೇಳುವ ವ್ಯವಸ್ಥೆ) ಅವಶ್ಯ ಚಾಲೂ ಮಾಡಿಕೊಳ್ಳಿ. ಆದರೆ ಕೊಡಗಿನವರಿಗೆ ಇಲ್ಲಿ ಒಂದು ಮಾತು ಹೆಚ್ಚಾಗಿ ಹೇಳಬೇಕಾಗುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದ ಮೇಲೆ ಎಸ್‌ಎಂಎಸ್ ಮೂಲಕ ಬರಬೇಕಾದ ಓಟಿಪಿಯನ್ನು ನೆಚ್ಚಿಕೊಂಡು ಕೂತರೆ ನಿಮ್ಮ ಖಾತೆಗೆ ನೀವೇ ಹೊರಗಿನವರಾಗುತ್ತೀರಿ. ಅಥೆಂಟಿಕೇಟರ್ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ 30 ಸೆಕೆಂಡಿಗೊಮ್ಮೆ ಹೊಸ ಆರು ಅಂಕಿಗಳನ್ನು ತಾನೇ ತೋರಿಸುತ್ತದೆ. ಎಸ್ಟೇಟಿನಲ್ಲಿ ಇರುವವರಿಗೆ ಅದೇ ವಾಸಿ. ಜೊತೆಗೆ ಕೊಡಲಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿಡಿ.

ಹಣ ಕಳುಹಿಸಿದ ಅತಿಥಿಯು ತಡಮಾಡದೆ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಬೇಕು, ತಮ್ಮ ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುವುದರಿಂದ, ಅದು ಇನ್ನೂ ಯಾವುದಾದರೂ ಬ್ಯಾಂಕಿನಲ್ಲಿ ಇರುವಾಗಲೇ ತಡೆಹಿಡಿಯಲು ಸಿಗುವ ಕಾಲಾವಕಾಶ ಕಡಿಮೆ. ನೀವೂ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಿ. ಪರರ ಪಾಸ್‌ವರ್ಡನ್ನು ಕಪಟದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ, ಕಂಪ್ಯೂಟರ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದು 66ಡಿ ಕಲಮಿನಡಿ ಅಪರಾಧ. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಮೋಸದ ಪತ್ರಗಳನ್ನು ಸಿಟ್ಟಿನಿಂದ ಅಳಿಸಿಬಿಡಬೇಡಿ, ತನಿಖೆಗೆ ಅವೇ ಸಾಕ್ಷಿ. ಬುಕಿಂಗ್ ಮಾಡಿರುವ ಉಳಿದ ಅತಿಥಿಗಳಿಗೆ ಇಮೇಲ್ ಬರೆಯದೆ ಫೋನ್ ಮಾಡಿಯೇ ತಿಳಿಸಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ನಾವು ಎಂದಿಗೂ ಇಮೇಲಿನಲ್ಲಿ ಹೇಳುವುದಿಲ್ಲವೆಂದು ರಸೀದಿಯ ಕೆಳಗೆ ಅಚ್ಚು ಹಾಕಿಸಿದರೂ ತಪ್ಪಿಲ್ಲ. ಇನ್ನು, ಹಣ ಕೊಟ್ಟರೆ ಖಾತೆಯನ್ನೂ ಮುಂಗಡವನ್ನೂ ಮರಳಿ ಕೊಡಿಸುತ್ತೇವೆಂದು ಯಾರಾದರೂ ತಾವಾಗಿಯೇ ಸಂಪರ್ಕಿಸಿದರೆ ಅವರು ಎರಡನೆಯ ಸುತ್ತಿನ ಕಳ್ಳರೆಂದೇ ತಿಳಿಯಿರಿ.

ಈಗ ಫ್ಯಾನ್. ಹೊಸ ಮೋಟರ್ ಕೊಳ್ಳುವ ಮುನ್ನ ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡಬೇಕು, ಏಕೆಂದರೆ ಇಂಥ ಫ್ಯಾನುಗಳಲ್ಲಿ ಮೋಟರಿಗಿಂತ ಮೊದಲು ಕೈಕೊಡುವುದು ಸಾಮಾನ್ಯವಾಗಿ ಫ್ಯೂಸ್, ಸ್ವಿಚ್ ಅಥವಾ ತುಕ್ಕು ಹಿಡಿದ ವೈರಿನ ಜೋಡಣೆ. ಕೆಲವು ಮಾದರಿಗಳಲ್ಲಿ ಮುಚ್ಚಳ ಸ್ವಲ್ಪ ಮೇಲೆದ್ದ ಹೊರತು ವಿದ್ಯುತ್ ಹರಿಯದಂತೆ ಪುಟ್ಟ ಸ್ವಿಚ್ ಒಂದಿರುತ್ತದೆ. ಮುಚ್ಚಳ ಎತ್ತುವ ಹಲ್ಲುಚಕ್ರ ಸವೆದಿದ್ದರೂ ಫ್ಯಾನ್ ಸತ್ತಂತೆಯೇ ಕಾಣುತ್ತದೆ. ಮೊದಲು ವಿದ್ಯುತ್ ಕಡಿದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ಒಳಗೆ ಕಣಜದ ಮಣ್ಣುಗೂಡೋ ಸಿಲ್ವರ್ ಓಕ್ ಎಲೆಯ ಚೂರೋ ಸಿಕ್ಕಿಕೊಂಡಿರಬಹುದು, ಇಲ್ಲವೇ ದಂಡವನ್ನು ಹಿಡಿದಿರುವ ಬುಷ್‌ನ ಎಣ್ಣೆ ಒಣಗಿರಬಹುದು. ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟು ನೋಡಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಡಬೇಡಿ, ನಮ್ಮ ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗುತ್ತದೆ.

ರೆಕ್ಕೆ ಸಲೀಸಾಗಿ ತಿರುಗಿದರೆ ಸ್ವಿಚ್ ಹಾಕಿ, ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ಮೋಟರಿನ ಎರಡು ವೈರುಗಳಿಗೆ ತಾಗಿಸಿ. ಅಲ್ಲಿ 12 ವೋಲ್ಟ್ ಆಸುಪಾಸು ತೋರಿಸಿಯೂ ರೆಕ್ಕೆ ಅಲುಗದಿದ್ದರೆ ಮೋಟರಿನ ದೋಷ. ಏನೂ ತೋರಿಸದಿದ್ದರೆ ಮೋಟರ್ ನಿರಪರಾಧಿ. ಫ್ಯೂಸಿನಿಂದ ಸ್ವಿಚ್ಚಿನವರೆಗೆ ಹೆಜ್ಜೆಹೆಜ್ಜೆಯಾಗಿ ಅಳೆಯುತ್ತಾ ಬನ್ನಿ, ವಾಹನದ ಲೋಹದ ಮೈಗೆ ಕೊಟ್ಟಿರುವ ಅರ್ಥಿಂಗ್ ಬೋಲ್ಟನ್ನೂ ಬಿಚ್ಚಿ ಮರಳುಕಾಗದದಿಂದ ಉಜ್ಜಿ. 5 ಆಂಪಿಯರ್ ಫ್ಯೂಸ್ ಮೇಲಿಂದ ಮೇಲೆ ಸುಡುತ್ತದೆಂದು 15ರದನ್ನು ಹಾಕುವುದು ಮಾತ್ರ ಬೇಡ, ಆಗ ಸುಡುವುದು ಪ್ಲೈವುಡ್ಡಿನ ಹಿಂದೆ ಅಡಗಿರುವ ವೈರು. ಮೋಟರನ್ನೇ ಬದಲಿಸಬೇಕಾದರೆ ದಂಡದ ವ್ಯಾಸ, ಉದ್ದ ಮತ್ತು ಸ್ಕ್ರೂಗಳ ಅಂತರವನ್ನು ಅಳೆದುಕೊಂಡು, ಹಳೆಯದನ್ನೇ ಕೈಯಲ್ಲಿ ಹಿಡಿದು ಮೈಸೂರಿನ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳುವುದು ಅಂತರ್ಜಾಲದ ಹುಡುಕಾಟಕ್ಕಿಂತ ಸುಲಭ. ಕಾರಿನ ರೇಡಿಯೇಟರ್ ಫ್ಯಾನಿನ ಮೋಟರ್ ಕೂರಿಸಿಕೊಡುತ್ತೇವೆಂದರೆ ಒಪ್ಪಬೇಡಿ, ಅದು ನಿಮ್ಮ ಬ್ಯಾಟರಿಯನ್ನು ಬೆಳಗಾಗುವುದರೊಳಗೆ ಬರಿದು ಮಾಡುತ್ತದೆ. ಹೊಸ ಮೋಟರ್ ಗಾಳಿಯನ್ನು ಹೊರಗೆಳೆಯುವ ಬದಲು ಒಳಗೆ ತಳ್ಳಿದರೆ ಗಾಬರಿ ಬೇಡ, ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸಾಮಾನ್ಯ ಬ್ರಷ್ ಮೋಟರ್ ಹಿಮ್ಮುಖವಾಗಿ ತಿರುಗುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನಾಲ್ಕು ಜನ ಕಿಟಕಿ ಮುಚ್ಚಿಕೊಂಡು ಮಲಗಿದರೆ ಅವರ ಉಸಿರಿನ ತೇವವೇ ತಣ್ಣನೆಯ ಮುಚ್ಚಳಕ್ಕೆ ತಗುಲಿ ಹನಿಯಾಗಿ ಇಳಿಯುತ್ತದೆ. ವಾಹನ ಖಾಲಿ ಇದ್ದ ಮಳೆಯ ರಾತ್ರಿಯಲ್ಲೂ ತೊಟ್ಟಿಕ್ಕುತ್ತದೆಯೇ ಎಂದು ಮೊದಲು ಗಮನಿಸಿ. ಇಲ್ಲವಾದರೆ ಅದು ಸೋರಿಕೆಯಲ್ಲ. ನಿಜವಾದ ಸೋರಿಕೆಯಾದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ, ಇನ್ನೊಬ್ಬರು ಹೊರಗಿನಿಂದ ಚಾವಣಿಯ ತಗ್ಗಿನ ಕಡೆಯಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ನೀರು ಬಿಡುತ್ತಾ ಬರಲಿ. ನೀರು ಎಲ್ಲೋ ಒಳನುಗ್ಗಿ ತಗಡಿನ ಅಡಿಯಲ್ಲಿ ಹರಿದು ಇನ್ನೆಲ್ಲೋ ಕಾಣಿಸಿಕೊಳ್ಳುವುದರಿಂದ ಈ ತಾಳ್ಮೆ ಬೇಕು.

ರಿಪೇರಿಯನ್ನು ಫೆಬ್ರುವರಿ, ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಟಾರ್ಪಾಲಿನ್ ಕಟ್ಟಿ. ಹಳೆಯ ಸಿಲಿಕಾನಿನ ಮೇಲೆ ಹೊಸ ಸಿಲಿಕಾನ್ ಬಳಿಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು, ಅದು ಹಿಡಿಯುವುದಿಲ್ಲ. ಚೌಕಟ್ಟನ್ನು ಪೂರ್ತಿ ಬಿಚ್ಚಿ, ಹಳೆಯದನ್ನು ಕೆರೆದು ತೆಗೆದು, ತುಕ್ಕಿದ್ದರೆ ಉಜ್ಜಿ ಪ್ರೈಮರ್ ಕೊಟ್ಟು, ಸ್ಪಿರಿಟ್‌ನಿಂದ ಒರೆಸಿದ ಮೇಲೆ ಚೌಕಟ್ಟಿನ ಅಡಿಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಹಾಕಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅಂಚಿಗೂ ಸ್ಕ್ರೂ ತಲೆಗಳಿಗೂ ಬಸ್ ಬಾಡಿ ಕಟ್ಟುವವರು ಬಳಸುವ ಪಿಯು (ಪಾಲಿಯುರೆಥೇನ್) ಸೀಲಂಟ್ ಕೊಡಿ. ಮೇಲೆ ಹತ್ತುವಾಗ ಅಡ್ಡ ಹಲಗೆ ಹಾಕಿಕೊಳ್ಳಿ. ಬಿಸಿಲಿಗೆ ಬಿರುಕುಬಿಟ್ಟ ಪ್ಲಾಸ್ಟಿಕ್ ಮುಚ್ಚಳಕ್ಕೆ ಅಂಟು ಹಚ್ಚುವುದು ವ್ಯರ್ಥ. ಪಾಲಿಕಾರ್ಬೊನೇಟ್ ಮುಚ್ಚಳ ಹಾಕಿಸಿ.

ಪ್ರಶ್ನೆ: ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ಇಲ್ಲಿ ಒತ್ತದಿದ್ದರೆ ಖಾತೆ ಮುಚ್ಚಲಾಗುವುದು’ ಎಂಬ ಪತ್ರ ಮೂರು ಬಾರಿ ಬಂದಿದೆ. ಏನು ಮಾಡಲಿ? (ಸೋಮವಾರಪೇಟೆಯಿಂದ)

ಉತ್ತರ: ಒತ್ತಬೇಡಿ. ಕಳುಹಿಸಿದವರ ಹೆಸರನ್ನು ನೋಡದೆ ಪೂರ್ಣ ವಿಳಾಸವನ್ನು ತೆರೆದು, ಒಂದೊಂದೇ ಅಕ್ಷರ ಓದಿ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಾಗಿಟ್ಟು ಎಮ್ ಎಂದು ಭ್ರಮೆ ಹುಟ್ಟಿಸುವುದು ಇವರ ಹಳೆಯ ಕೈಚಳಕ. ಮೇಲ್‌ಬಾಕ್ಸ್ ನಿಜವಾಗಿ ತುಂಬಿದೆಯೇ ಎಂಬುದು ನೀವೇ ಎಂದಿನಂತೆ ಖಾತೆ ತೆರೆದರೆ ತಿಳಿಯುತ್ತದೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗದಲ್ಲಿ ಇಮೇಲ್ ಮಾತ್ರವಲ್ಲದೆ ನಿಮ್ಮ ಫೋಟೊಗಳೂ ಸೇರಿರುತ್ತವೆ. ಹಬ್ಬ, ಮದುವೆಗಳ ಹಳೆಯ ವಿಡಿಯೊಗಳನ್ನು ಪೆನ್‌ಡ್ರೈವಿಗೆ ದಾಟಿಸಿ ಅಲ್ಲಿಂದ ಅಳಿಸಿದರೆ ಜಾಗ ತಾನಾಗಿಯೇ ಸಿಗುತ್ತದೆ.